ಗಣಕದ ಭಂಡಾರಗಳು

ಕನ್ನಡದಲ್ಲಿ ಗಣಕಯಂತ್ರವನ್ನು ಬಳಸುವವರು ಅದರೊಳಗೆ ಇರಿಸುವ ಬರಹಕ್ಕೆ ‘ಕಡತ’ವೆಂದು ಹೆಸರಿಟ್ಟುಕೊಂಡಿದ್ದಾರೆ. ಈ ಹೆಸರನ್ನು ಆರಿಸಿದವರು ತಿಳಿದೇ ಆರಿಸಿದರೋ, ಕಚೇರಿಯ ರೂಢಿಯಿಂದ ಸುಮ್ಮನೆ ಎತ್ತಿಕೊಂಡರೋ, ಅಂತೂ ಇದಕ್ಕಿಂತ ತಕ್ಕ ಹೆಸರು ದೊರೆಯುವುದು ಕಷ್ಟವೇ ಸರಿ. ಹಿಂದಿನ ಕಡತವೆಂದರೆ ಹತ್ತಿಬಟ್ಟೆಯ ಉದ್ದವಾದ ಪಟ್ಟಿ. ಹುಣಿಸೆಬೀಜದ ಅಂಟಿನಲ್ಲಿ ಇದ್ದಲಿನ ಪುಡಿಯನ್ನು ಕಲಸಿ ಅದಕ್ಕೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಪುಸ್ತಕದಂತೆ ಮಡಿಸಿಡುತ್ತಿದ್ದರು. ಬಳಪದಿಂದ ಬರೆದ ಅಕ್ಷರವು ಕಪ್ಪು ನೆಲದ ಮೇಲೆ ಬೆಳ್ಳಗೆ ಎದ್ದು ಕಾಣುವುದು. ಬೇಡವಾದಾಗ ಒರಸಿ ಮತ್ತೆ ಬರೆಯಬಹುದು. ವರ್ತಕರ ಲೆಕ್ಕ, ಶಾನುಭೋಗರ ಜಮೀನಿನ ಲೆಕ್ಕ, ಮಠಗಳ ವ್ಯವಹಾರ ಇವೆಲ್ಲವೂ ಕಡತದಲ್ಲಿಯೇ ಇರುತ್ತಿದ್ದವು. ೧೮೧೦ರಿಂದ ಪ್ರಕಟವಾದ ತನ್ನ ಮೈಸೂರು ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸನು ಇದನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಶೃಂಗೇರಿಯ ಮಠದಲ್ಲಿ ಉಳಿದುಬಂದಿರುವ ಕಡತಗಳು ಚರಿತ್ರಕಾರರಿಗೆ ಬಹು ಉಪಕಾರಿಗಳಾಗಿವೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ದಿನದಿನದ ಲೆಕ್ಕವನ್ನು ಕಡತದಲ್ಲಿಟ್ಟ ಜನರೇ ಭೂದಾನದ ಶಾಸನವನ್ನು ಕಡತದಲ್ಲಿ ಬರೆಯಲಿಲ್ಲ. ಅದಕ್ಕೆ ತಾಮ್ರವನ್ನೋ ಶಿಲೆಯನ್ನೋ ಆರಿಸಿದರು. ಕಾವ್ಯವನ್ನು ತಾಮ್ರದಲ್ಲಿ ಕೊರೆಯಿಸಲಿಲ್ಲ. ಅದಕ್ಕೆ ಓಲೆಗರಿ ಇದ್ದಿತು. ಬದಲಾಗಬೇಕಾದುದು ಯಾವುದು, ಬದಲಾಗಕೂಡದುದು ಯಾವುದು, ಕೈಯಿಂದ ಕೈಗೆ ಹೋಗಬೇಕಾದುದು ಯಾವುದು ಎಂಬ ವಿವೇಚನೆ ಅವರಿಗೆ ಸಹಜವಾಗಿದ್ದಿತು. ಗಣಕಯಂತ್ರವು ಬಂದ ಮೇಲೆ ಮನೆಯವರೂ ವ್ಯಾಪಾರಸ್ಥರೂ ಈ ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು. ಕಲಿಕೆಗೆ ತೆತ್ತ ಬೆಲೆಯೂ ಅಲ್ಪವಲ್ಲ.

ಯಂತ್ರವು ಓದತಕ್ಕ ಬರಹದಲ್ಲಿ ಮೊದಲು ವ್ಯಾಪಕವಾಗಿ ನಿಂತುದು ರಂಧ್ರಗಳ ಕಾರ್ಡು. ೧೮೯೦ರ ಅಮೆರಿಕದ ಜನಗಣತಿಯನ್ನು ಎಣಿಸುವುದಕ್ಕಾಗಿ ಹರ್ಮನ್ ಹಾಲೆರಿತ್ ಎಂಬವನು ಇದನ್ನು ಯೋಜಿಸಿದನು. ೧೯೨೮ರಲ್ಲಿ ಐ. ಬಿ. ಎಂ. ಸಂಸ್ಥೆಯವರು ತಂದ ಕಾರ್ಡಿನಲ್ಲಿ ೮೦ ಅಕ್ಷರಗಳಿಗೆ ಎಡೆಯಿದ್ದಿತು. ಒಮ್ಮೆ ತೂತು ಬಿದ್ದ ಮೇಲೆ ಅಳಿಸುವಂತಿಲ್ಲ. ಆ ಮಟ್ಟಿಗೆ ಅದು ತಾಮ್ರಪಟದ ಜಾತಿಗೆ ಸೇರಿದುದು. ಅದಕ್ಕೊಂದು ಗುಣವಿದ್ದಿತು, ಮುಂದೆ ಬಂದ ಯಾವ ಸಾಧನಕ್ಕೂ ಇಲ್ಲದ ಗುಣ: ಯಂತ್ರವು ಕೆಟ್ಟರೂ ಮನುಷ್ಯನು ಬೆಳಕಿಗೆ ಹಿಡಿದು ಕಣ್ಣಿನಿಂದ ಅದನ್ನು ಓದಬಹುದಾಗಿದ್ದಿತು.

೧೯೫೧ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಬಂದ ಯೂನಿವ್ಯಾಕ್ ಯಂತ್ರವು ಲೋಹದ ಕಾಂತಪಟ್ಟಿಯ ಮೇಲೆ ಬರೆಯುತ್ತಿದ್ದಿತು. ಮರುವರುಷವೇ ಐ. ಬಿ. ಎಂ. ಸಂಸ್ಥೆಯು ಪ್ಲಾಸ್ಟಿಕ್ಕಿನ ಟೇಪನ್ನು ಹೊರತಂದಿತು. ಅದರಲ್ಲಿ ಅಂಗುಲಕ್ಕೆ ೧೦೦ ಅಕ್ಷರಗಳು ಹಿಡಿಸುತ್ತಿದ್ದವು. ಟೇಪು ಥಟ್ಟನೆ ಓಡಿ ಥಟ್ಟನೆ ನಿಲ್ಲಬೇಕು, ಆದರೆ ಹರಿಯಬಾರದು; ಆದುದರಿಂದ ಗಾಳಿಯನ್ನು ಹೀರಿದ ಕೊಳವೆಗಳೊಳಗೆ ಅದನ್ನು ಸಡಿಲವಾಗಿ ಇಳಿಬಿಟ್ಟು ಎಳೆತವನ್ನು ತಪ್ಪಿಸಿದರು. ಟೇಪು ಅಗ್ಗವೂ ಹೌದು, ಹಗುರವೂ ಹೌದು. ಆದರೆ ಸುರುಳಿಯ ಕೊನೆಯಲ್ಲಿರುವ ಒಬ್ಬ ಗಿರಾಕಿಯ ಲೆಕ್ಕ ಬೇಕೆಂದರೆ ಸುರುಳಿಯೆಲ್ಲವನ್ನೂ ಬಿಚ್ಚಬೇಕು. ಹೀಗಾಗಿ ವ್ಯಾಪಾರಸ್ಥರು ದಿನದ ವ್ಯವಹಾರವನ್ನೆಲ್ಲ ಕೂಡಿಹಾಕಿ, ಖಾತೆಯ ಸಂಖ್ಯೆಗೆ ಅನುಸಾರವಾಗಿ ಜೋಡಿಸಿ, ಒಂದೇ ಸಲ ಯಂತ್ರಕ್ಕೆ ಉಣಿಸುವುದು ಪದ್ಧತಿಯಾಯಿತು. ಮನುಷ್ಯನು ಸಾಧನವನ್ನು ಆರಿಸಿದನೆನ್ನುವುದಕ್ಕಿಂತ ಸಾಧನವೇ ಮನುಷ್ಯನ ವಹಿವಾಟನ್ನು ತನಗೆ ಬೇಕಾದಂತೆ ತಿದ್ದಿಕೊಂಡಿತೆನ್ನಬೇಕು.

ಇದರಿಂದ ಬಿಡುಗಡೆಯನ್ನು ತಂದವನು ರೆನಾಲ್ಡ್ ಜಾನ್ಸನ್. ಈತನು ಮೊದಲು ಮಿಷಿಗನ್ ಪ್ರಾಂತದಲ್ಲಿ ಶಾಲಾ ಉಪಾಧ್ಯಾಯನಾಗಿದ್ದವನು. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೆ ಅಂಕವನ್ನು ಹಾಕುವ ಯಂತ್ರವನ್ನು ಕಲ್ಪಿಸಿ ಐ. ಬಿ. ಎಂ. ಸಂಸ್ಥೆಯನ್ನು ಸೇರಿದನು. (ಪತ್ರಿಕೆಗಳನ್ನು ತಿದ್ದಿ ಬೇಸತ್ತ ಉಪಾಧ್ಯಾಯರು ಎಲ್ಲೆಡೆಯೂ ಉಂಟು, ಬೇಸರದಿಂದ ಯಂತ್ರವನ್ನು ಹುಟ್ಟಿಸಿದವರು ವಿರಳ.) ೧೯೫೨ರಲ್ಲಿ ಸಂಸ್ಥೆಯವರು ಅವನನ್ನು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರಕ್ಕೆ ಕಳುಹಿಸಿ ಹೊಸದೊಂದು ಪ್ರಯೋಗಾಲಯವನ್ನು ತೆರೆಯಿಸಿದರು. ಅಲ್ಲಿ ಸಿದ್ಧವಾಗಿ ೧೯೫೬ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯಂತ್ರದ ಹೆಸರು ರಾಮ್ಯಾಕ್. ಆ ಇಂಗ್ಲಿಷ್ ಹೆಸರಿನ ಅಕ್ಷರಗಳಲ್ಲಿ ‘ಲೆಕ್ಕ’ವೆಂಬ ಶಬ್ದವೂ ಅಡಗಿದೆ, ಅದು ಪಂಡಿತರಿಗಾಗಿ ಅಲ್ಲ, ವರ್ತಕರಿಗಾಗಿ ಹುಟ್ಟಿದ ಯಂತ್ರ. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳನ್ನು ಒಂದು ಕಂಬಕ್ಕೆ ಪೋಣಿಸಿ ನಿಮಿಷಕ್ಕೆ ೧೨೦೦ ಸುತ್ತಿನಂತೆ ತಿರುಗಿಸುತ್ತಿದ್ದರು. ಒಂದು ಕೈಯು ಮೇಲಕ್ಕೂ ಕೆಳಕ್ಕೂ ಸರಿದು, ಬೇಕಾದ ತಟ್ಟೆಯ ಬಳಿ ನಿಂತು, ಒಳಕ್ಕೆ ಚಾಚಿ ಓದುತ್ತಿದ್ದಿತು. ಓದುವ ಮೊನೆಯು ತಟ್ಟೆಗೆ ತಾಗದಂತೆ ನಡುವೆ ಗಾಳಿಯನ್ನು ಊದುತ್ತಿದ್ದರು. ತಟ್ಟೆಗೆ ಬಳಿಯುವ ಕಾಂತದ ಬಣ್ಣವನ್ನು ರೇಷ್ಮೆಯ ಕಾಲುಚೀಲದಲ್ಲಿ ಸೋಸಿ ಕಾಗದದ ಬಟ್ಟಲಿನಿಂದ ಸುರಿಯುತ್ತಿದ್ದರೆಂದು ಆ ಪ್ರಯೋಗಾಲಯದವರು ಹೇಳಿಕೊಂಡಿದ್ದಾರೆ. ಹುಣಿಸೆಯ ಅಂಟನ್ನು ಬಟ್ಟೆಗೆ ಬಳಿದವರಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ.

ಅಷ್ಟು ಭಾರಿಯಾದ ಭಂಡಾರದಲ್ಲಿ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳು. ಎಂದರೆ ೬೨ ಸಾವಿರಕ್ಕೂ ಮಿಕ್ಕ ಕಾರ್ಡುಗಳ ಬರಹ. ಇಂದು ಕೈಫೋನಿನಲ್ಲಿ ತೆಗೆದ ಒಂದೇ ಛಾಯಾಚಿತ್ರಕ್ಕೆ ಅಷ್ಟು ಸ್ಥಳವು ಬೇಕಾಗುವುದು. ಭಂಡಾರದ ತೂಕವು ಒಂದು ಟನ್ನಿಗೆ ಕಡಮೆಯಿರಲಿಲ್ಲ. ಇಡೀ ಯಂತ್ರವನ್ನು ತಿಂಗಳಿಗೆ ೩೨೦೦ ಡಾಲರ್ ಬಾಡಿಗೆಗೆ ಕೊಡುತ್ತಿದ್ದರು. ಆದರೂ ಯಾವ ಗಿರಾಕಿಯ ಲೆಕ್ಕವನ್ನಾದರೂ ಒಂದು ಕ್ಷಣದಲ್ಲಿ ತೆಗೆದು, ತಿದ್ದಿ, ಮತ್ತೆ ಇಡಬಹುದೆಂಬುದು ವರ್ತಕರಿಗೆ ಹಿಂದೆಂದೂ ಇಲ್ಲದ ಸೌಕರ್ಯವಾಯಿತು. ಗಣಕಕ್ಕೆ ನಿಜವಾದ ಕಡತವು ದೊರೆತುದು ಆಗ. ಹೆಚ್ಚುಕಡಮೆ ಅದೇ ವರುಷಗಳಲ್ಲಿ ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದ ಹೆಚ್. ಇ. ಸಿ. ಯಂತ್ರದ ಕಾಂತದ ಡೋಲಿನಲ್ಲಿ ೧೦೨೪ ಪದಗಳಿಗೆ ಮಾತ್ರ ಎಡೆಯಿದ್ದಿತೆಂಬುದನ್ನು ನೆನೆದರೆ ರಾಮ್ಯಾಕಿನ ಹಿರಿಮೆಯು ಇನ್ನಷ್ಟು ತಿಳಿಯುವುದು.

ಮನೆಯ ಬಾಗಿಲಿಗೆ ಈ ವಿದ್ಯೆಯು ಬಂದುದು ಮೆತ್ತನೆಯ ತಟ್ಟೆಯ ರೂಪದಲ್ಲಿ. ೧೯೭೧ರ ಫ್ಲಾಪಿಯು ೮ ಅಂಗುಲದ್ದು; ದೊಡ್ಡ ಯಂತ್ರಗಳಿಗೆ ಬೇಕಾದ ಆದೇಶಗಳನ್ನು ತುಂಬಿ ಕಳುಹಿಸುವುದಕ್ಕಾಗಿ ಅದನ್ನು ಮಾಡಿದ್ದರು. ೧೯೭೬ರಲ್ಲಿ ಷುಗಾರ್ಟ್ ಸಂಸ್ಥೆಯು ಅದನ್ನು ೫¼ ಅಂಗುಲಕ್ಕೂ, ೧೯೮೧ರಲ್ಲಿ ಜಪಾನಿನ ಸೋನಿ ಸಂಸ್ಥೆಯು ೩½ ಅಂಗುಲಕ್ಕೂ ಇಳಿಸಿದವು. ಫ್ಲಾಪಿಯನ್ನು ಕೊಳ್ಳಲಾರದ ಮನೆಯವರು ಹಾಡು ಕೇಳುವ ಕ್ಯಾಸೆಟ್ಟಿನಲ್ಲಿಯೇ ಗಣಕದ ಬರಹವನ್ನೂ ಇಡುತ್ತಿದ್ದರು, ೧೯೮೧ರ ಐ. ಬಿ. ಎಂ. ಗೃಹಯಂತ್ರದಲ್ಲಿ ಸಹ ಕ್ಯಾಸೆಟ್ಟಿಗಾಗಿ ಒಂದು ರಂಧ್ರವನ್ನು ಬಿಟ್ಟಿದ್ದರು. ೧೯೮೦ರಲ್ಲಿ ಸೀಗೇಟ್ ಸಂಸ್ಥೆಯು ೫ ಮೆಗಾಬೈಟಿನ ಗಟ್ಟಿತಟ್ಟೆಯನ್ನು, ಎಂದರೆ ಹಾರ್ಡ್ ಡಿಸ್ಕನ್ನು, ೧೫೦೦ ಡಾಲರಿಗೆ ಮಾರಿತು. ರಾಮ್ಯಾಕಿನ ಭಂಡಾರಕ್ಕಿಂತ ಹಿರಿದಾದುದು ೨೪ ವರುಷಗಳಲ್ಲಿ ಕಂಕುಳಲ್ಲಿ ಇರುಕಿಕೊಂಡು ಹೋಗುವಷ್ಟು ಕಿರಿದಾಯಿತು. ಆದರೂ ಸಾಮಾನ್ಯ ಗೃಹಸ್ಥನಿಗೆ ಅದು ಎಟುಕದ ಬೆಲೆಯೇ. ಫ್ಲಾಪಿಯೋ, ಧೂಳನ್ನೂ ತೇವವನ್ನೂ ಸಹಿಸದು. ಕರಾವಳಿಯ ಮಳೆಗಾಲದಲ್ಲಿ ಓಲೆಗರಿಗೆ ಹುಳು ಬಿದ್ದಂತೆ ಫ್ಲಾಪಿಗೆ ಬೂಷ್ಟು ಹಿಡಿಯುವುದು. ಜಪಾನಿನಲ್ಲಿ ಅದರ ಮಾರಾಟವನ್ನು ನಿಲ್ಲಿಸುವುದಾಗಿ ಸೋನಿ ಸಂಸ್ಥೆಯು ೨೦೧೦ರಲ್ಲಿ ಸಾರಿದಾಗ ದುಃಖಿಸಿದವರು ಹೆಚ್ಚಿರಲಾರರು.

೧೯೮೨ರಲ್ಲಿ ಸಂಗೀತಕ್ಕಾಗಿ ಬಂದ ಬೆಳಕಿನ ತಟ್ಟೆಯು, ಎಂದರೆ ಸಿ. ಡಿ.ಯು, ಸ್ವಲ್ಪ ಕಾಲದಲ್ಲಿಯೇ ಗಣಕಕ್ಕೂ ಒದಗಿತು. ಕಾಂತದ ಹಂಗಿಲ್ಲದೆ ಲೇಸರ್ ಕಿರಣದಿಂದ ಓದುವ ಈ ತಟ್ಟೆಯು ಚಿರಂಜೀವಿಯೆಂದು ಅನೇಕರು ನಂಬಿದರು. ಆ ನಂಬಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗವು ತೋರಿಸಿಕೊಟ್ಟಿತು. ಅಲ್ಲಿ ವಿಲಿಯಂ ರಾಜನು ೧೦೮೬ರಲ್ಲಿ ತನ್ನ ರಾಜ್ಯದ ಊರು, ಹೊಲ, ಎತ್ತುಗಳನ್ನೆಲ್ಲ ಲೆಕ್ಕಹಿಡಿಸಿ ಚರ್ಮದ ಹಾಳೆಗಳ ಮೇಲೆ ಬರೆಯಿಸಿದ ‘ಡೂಮ್ಸ್‌ಡೇ’ ಎಂಬ ಪುಸ್ತಕವಿದೆ. ಅದಕ್ಕೆ ೯೦೦ ವರುಷಗಳು ತುಂಬಿದ ೧೯೮೬ರಲ್ಲಿ ಬಿ. ಬಿ. ಸಿ. ಸಂಸ್ಥೆಯವರು ಹೊಸದೊಂದು ಡೂಮ್ಸ್‌ಡೇಯನ್ನು ಹೊರಡಿಸಿದರು. ಹತ್ತು ಲಕ್ಷಕ್ಕೂ ಮಿಕ್ಕ ಜನರು, ಅವರಲ್ಲಿ ಶಾಲೆಯ ಮಕ್ಕಳೇ ಹೆಚ್ಚು ಮಂದಿ, ತಮ್ಮ ತಮ್ಮ ಊರುಗಳ ವರ್ಣನೆ, ಭೂಪಟ, ಛಾಯಾಚಿತ್ರಗಳನ್ನು ಕೂಡಿಸಿದರು. ಅದೆಲ್ಲವನ್ನೂ ೧೨ ಅಂಗುಲದ ಎರಡು ಲೇಸರ್ ತಟ್ಟೆಗಳಲ್ಲಿ ಅಡಕಮಾಡಿದರು. ಅದನ್ನು ಓದುವ ಯಂತ್ರವು ದುಬಾರಿಯಾಗಿ, ಎಷ್ಟೋ ಶಾಲೆಗಳು ಕೊಳ್ಳಲಿಲ್ಲ. ಕೆಲವು ವರುಷಗಳಲ್ಲಿ ಆ ಯಂತ್ರವನ್ನು ಮಾಡುವವರೂ ಇಲ್ಲವಾದರು. ತಟ್ಟೆಗಳು ಕೆಟ್ಟಿರಲಿಲ್ಲ, ಓದುವವನೇ ಸತ್ತುಹೋಗಿದ್ದನು. ೨೦೦೨ರ ಹೊತ್ತಿಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದಲ್ಲಿ ಅನುಕರಿಸಿ ಆ ಬರಹವನ್ನು ಮರಳಿ ತೆರೆದು ತೋರಿಸಬೇಕಾಯಿತು. ಚರ್ಮದ ಮೇಲಿನ ಮೂಲ ಪುಸ್ತಕವಾದರೋ ಲಂಡನ್ನಿನ ಕ್ಯೂ ಎಂಬಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಲ್ಯಾಟಿನ್ ಬಲ್ಲವರು ಓದಬಲ್ಲರು.

ಈ ಪ್ರಸಂಗದಿಂದ ಚರ್ಮವೇ ಮೇಲು, ಲೇಸರ್ ತಟ್ಟೆಯು ಕೀಳೆಂದು ತೀರ್ಮಾನಿಸುವುದು ಅವಿಚಾರವಾದೀತು. ಓಲೆಗರಿಯೂ ಶಾಶ್ವತವಲ್ಲ; ನಮ್ಮ ಕಾವ್ಯಗಳು ಉಳಿದುದು ಗರಿಯ ಗಟ್ಟಿತನದಿಂದಲ್ಲ, ಪ್ರತಿಕಾರರ ಶ್ರಮದಿಂದ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬ ಪ್ರತೀತಿಯನ್ನು ಬಲ್ಲದವರಾರು? ಶಾಸ್ತ್ರದಾನವು ಪುಣ್ಯಕಾರ್ಯವಾಗಿದ್ದಂತೆಯೇ ಗ್ರಂಥರಕ್ಷಣೆಯ ಉಪಾಯವೂ ಆಗಿದ್ದಿತು. ಒಂದು ಭಂಡಾರವು ಬೆಂಕಿಗೆ ಆಹುತಿಯಾದರೆ ಮತ್ತೊಂದು ಊರಿನಲ್ಲಿ ಪ್ರತಿಯುಂಟು.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಘನಸ್ಥಿತಿಯ ಸ್ಮೃತಿಗೆ ಮೂಲಪುರುಷನು ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೋಕ. ೧೯೮೪ರಲ್ಲಿ ಅವನು ಲೋಕಕ್ಕೆ ತಿಳಿಸಿದ ಫ್ಲ್ಯಾಷ್ ಸ್ಮೃತಿಯ ನ್ಯಾಂಡ್ ಎಂಬ ಪ್ರಭೇದವು ೧೯೮೭ರಲ್ಲಿ ಪ್ರಕಟವಾಯಿತು. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಚಲಿಸುವ ಕೈಯಿಲ್ಲ. ಸಿಲಿಕಾನಿನ ಕಿರುಗೂಡುಗಳಲ್ಲಿ ವಿದ್ಯುತ್ಕಣಗಳನ್ನು ಕೂಡಿಹಾಕಿ ಬೀಗವಿಟ್ಟಂತೆ ಇಡುವುದೇ ಬರಹ. ೨೦೦೦ದಲ್ಲಿ ಪೆನ್‌ಡ್ರೈವುಗಳು ಮಾರಾಟಕ್ಕೆ ಬಂದಾಗ ಅವುಗಳಲ್ಲಿ ೮ ಮೆಗಾಬೈಟಿಗೆ ಎಡೆಯಿದ್ದಿತು. ಅದೇ ತತ್ತ್ವದ ದೊಡ್ಡ ರೂಪವೇ ಎಸ್. ಎಸ್. ಡಿ. ಕೆಳಗೆ ಬಿದ್ದರೂ ಸುಲಭವಾಗಿ ಕೆಡದು. ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಾಲು ವೇಗವಾದುದು. ಆದರೆ ಪ್ರತಿ ಸಲ ಅಳಿಸಿ ಬರೆಯುವಾಗಲೂ ಗೂಡಿನ ಗೋಡೆಯು ಕಿಂಚಿತ್ತು ಸವೆಯುತ್ತದೆ. ಸವೆದ ಸಾಧನವನ್ನು ವಿದ್ಯುತ್ತಿನ ಸಂಪರ್ಕವಿಲ್ಲದೆ ಬೆಚ್ಚನೆಯ ಕೋಣೆಯಲ್ಲಿ ವರುಷಗಟ್ಟಲೆ ಬಿಟ್ಟರೆ ಕಣಗಳು ಸೋರಿಹೋಗುವುದುಂಟು. ನಿತ್ಯದ ಕೆಲಸಕ್ಕೆ ಇದಕ್ಕೆ ಸಮನಾದುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಮರೆಯುವುದಕ್ಕೆ ಇದು ತಕ್ಕುದಲ್ಲ. ಮಕ್ಕಳ ನಾಮಕರಣದ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿಟ್ಟು ಬೀರುವಿಗೆ ಹಾಕಿ ನಿಶ್ಚಿಂತರಾಗಿರುವ ಮನೆಗಳು ಎಷ್ಟಿಲ್ಲ!

ಹಾರ್ಡ್ ಡಿಸ್ಕಿನ ಆಯುಸ್ಸಾದರೂ ಎಷ್ಟೆಂಬುದನ್ನು ಗೂಗಲ್ ಸಂಸ್ಥೆಯ ಮೂವರು ೨೦೦೭ರಲ್ಲಿ ತಮ್ಮ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ಮೊದಲ ವರುಷದಲ್ಲಿ ನೂರಕ್ಕೆ ೧.೭ರಷ್ಟು ಕೆಟ್ಟರೆ, ಮೂರು ವರುಷ ದಾಟಿದವುಗಳಲ್ಲಿ ವರುಷಕ್ಕೆ ನೂರಕ್ಕೆ ೮.೬ಕ್ಕೂ ಹೆಚ್ಚು ಕೆಟ್ಟವು. ಇದಕ್ಕಿಂತ ವಿಶೇಷವಾದ ಸಂಗತಿಯೆಂದರೆ, ಡಿಸ್ಕು ತನ್ನ ಆರೋಗ್ಯವನ್ನು ತಾನೇ ಹೇಳಿಕೊಳ್ಳುವ ಏರ್ಪಾಡಿದ್ದರೂ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಅಪಾಯಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ವೈದ್ಯನು ನಾಡಿ ನೋಡಿ ಸುಖವೆಂದ ಮರುದಿನವೇ ರೋಗಿಯು ಹೋದಂತೆ. ಸಾಧನವನ್ನು ಕೊಳ್ಳುವವನು ಯಾವ ಸಂಸ್ಥೆಯ ಡಿಸ್ಕು ಕೆಡುವುದಿಲ್ಲವೆಂದು ಕೇಳುವ ಪ್ರಶ್ನೆಯೇ ಅಷ್ಟು ಪ್ರಯೋಜನವಿಲ್ಲದ್ದು. ಇದು ಕೆಟ್ಟ ದಿನ ತನ್ನ ಬಳಿ ಉಳಿಯುವುದೇನು ಎಂದು ಕೇಳಿಕೊಳ್ಳುವುದು ಯುಕ್ತ.

ವ್ಯಾಪಾರಸ್ಥರಿಗೆ ಇದರ ಒಂದು ಉತ್ತರವನ್ನು ೧೯೮೮ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬವರು ಕೊಟ್ಟರು. ಬೆಲೆಬಾಳುವ ಒಂದು ಡಿಸ್ಕಿಗೆ ಬದಲಾಗಿ ಅಗ್ಗದ ಹಲವನ್ನು ಕೂಡಿಸಿ, ಒಂದು ಸತ್ತರೆ ಅದರಲ್ಲಿದ್ದುದನ್ನು ಮಿಕ್ಕವುಗಳಿಂದ ಗಣಿತದ ಮೂಲಕ ಮರಳಿ ಪಡೆಯುವ ಈ ಉಪಾಯಕ್ಕೆ ರೇಯ್ಡ್ ಎಂದು ಹೆಸರು. ಅಂಗಡಿಯು ಒಂದು ಗಳಿಗೆಯೂ ಮುಚ್ಚದೆ ನಡೆಯಬೇಕಾದವರಿಗೆ ಇದು ಒಳ್ಳೆಯದೇ. ಆದರೆ ಗುಮಾಸ್ತನು ಕೈತಪ್ಪಿ ಅಳಿಸಿದರೆ ಎಲ್ಲ ಡಿಸ್ಕುಗಳಲ್ಲಿಯೂ ಏಕಕಾಲದಲ್ಲಿ ಅಳಿಯುವುದು. ಅವು ಒಂದೇ ಪ್ರತಿಯ ಅವಯವಗಳೇ ಹೊರತು ಬೇರೆ ಬೇರೆ ಪ್ರತಿಗಳಲ್ಲ. ಈ ಭೇದವನ್ನು ತಿಳಿಯದೆ ಕೆಟ್ಟ ವರ್ತಕರು ಬಹಳ.

ಕೈತಪ್ಪಿನ ಮಾತು ಬಂದುದರಿಂದ ಪಿಕ್ಸರ್ ಎಂಬ ಚಲಚ್ಚಿತ್ರ ಸಂಸ್ಥೆಯ ಕಥೆಯನ್ನು ಹೇಳದೆ ಬಿಡುವಂತಿಲ್ಲ. ೧೯೯೮ರಲ್ಲಿ ಅಲ್ಲಿ ‘ಟಾಯ್ ಸ್ಟೋರಿ’ಯ ಎರಡನೆಯ ಭಾಗವು ಸಿದ್ಧವಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ಆದೇಶದಿಂದ ಚಿತ್ರದ ಬಹುಭಾಗವು ನೋಡನೋಡುತ್ತಿದ್ದಂತೆ ಅಳಿಸಿಹೋಯಿತು. ನಿತ್ಯವೂ ಪ್ರತಿಯನ್ನು ತೆಗೆಯುವ ಏರ್ಪಾಡಿದ್ದಿತು. ಹೋಗಿ ನೋಡಲಾಗಿ, ಆ ಪ್ರತಿಗಳು ಸರಿಯಾಗಿರಲಿಲ್ಲವೆಂಬುದು ತಿಳಿಯಿತು; ಯಾರೂ ತೆರೆದು ನೋಡಿರಲಿಲ್ಲ. ಆಗ ಗೇಲಿನ್ ಸುಸ್ಮನ್ ಎಂಬಾಕೆಯು ತನ್ನ ಮನೆಯಲ್ಲಿ ಒಂದು ಪ್ರತಿಯಿರುವುದನ್ನು ನೆನಪಿಸಿಕೊಂಡಳು. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದುದರಿಂದ ಗಣಕವನ್ನು ಮನೆಯಲ್ಲಿ ಇಟ್ಟುಕೊಂಡಿದ್ದಳು. ಆ ಗಣಕವನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಕರೆತರುವಷ್ಟು ಜೋಪಾನದಿಂದ ಕಾರಿನಲ್ಲಿ ಕಚೇರಿಗೆ ತಂದರು. ಆ ಒಂದು ಪ್ರತಿಯಿಂದ ಕೆಲಸವು ಮುಂದುವರಿದು, ಕಥೆಯನ್ನು ಬಹುಮಟ್ಟಿಗೆ ಮತ್ತೆ ಕಟ್ಟಿದ ಮೇಲೆ, ೧೯೯೯ರಲ್ಲಿ ಚಿತ್ರವು ತೆರೆ ಕಂಡಿತು. ಕೋಟಿಗಟ್ಟಲೆ ಬೆಲೆಯ ವ್ಯಾಪಾರವನ್ನು ಉಳಿಸಿದುದು ಕಚೇರಿಯ ಭಂಡಾರವಲ್ಲ, ಒಬ್ಬ ಬಾಣಂತಿಯ ಮನೆಯ ಯಂತ್ರ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕನು ಬಳಕೆಗೆ ತಂದ ಸೂತ್ರವು ಇಂತಹ ಅನುಭವಗಳ ಸಾರವೇ ಆಗಿದೆ: ಪ್ರತಿಗಳು ಮೂರಿರಲಿ, ಸಾಧನಗಳು ಎರಡು ಜಾತಿಯವಾಗಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಈ ಸೂತ್ರವನ್ನು ಹಿಡಿದರೆ ಆಯ್ಕೆಯು ಅಷ್ಟು ತೊಡಕಾಗದು. ಮನೆಯವರು ನಿತ್ಯದ ಬರಹವನ್ನು ಎಸ್. ಎಸ್. ಡಿ.ಯಲ್ಲಿಟ್ಟು, ಚಿತ್ರ ಸಂಗೀತಗಳ ರಾಶಿಯನ್ನು ಅಗ್ಗವಾದ ಹಾರ್ಡ್ ಡಿಸ್ಕಿಗೆ ಇಳಿಸಿ, ಮತ್ತೊಂದು ಡಿಸ್ಕನ್ನು ನೆಂಟರ ಮನೆಯಲ್ಲಿಟ್ಟರೆ ಸಾಕು. ‘ಮೇಘ’ವೆಂದು ಕರೆಯುವ ದೂರದ ಸಂಗ್ರಹವೂ ಆಗಬಹುದು, ಅದು ಆಕಾಶದಲ್ಲಿರುವುದಲ್ಲ, ಯಾರದೋ ಕಟ್ಟಡದಲ್ಲಿರುವ ಡಿಸ್ಕೇ, ಬಾಡಿಗೆಯು ನಿಂತ ದಿನ ಬಾಗಿಲು ಮುಚ್ಚುವುದು. ದೊಡ್ಡ ಸಂಸ್ಥೆಗಳು ಟೇಪನ್ನು ಇಂದಿಗೂ ಬಿಟ್ಟಿಲ್ಲ. ೨೦೨೧ರಲ್ಲಿ ಬಂದ ಟೇಪಿನ ಒಂದು ಸುರುಳಿಯಲ್ಲಿ ೧೮ ಟೆರಾಬೈಟು ಹಿಡಿಸುತ್ತದೆ. ಕಪಾಟಿನಲ್ಲಿ ಸುಮ್ಮನಿರುವ ಟೇಪಿಗೆ ವಿದ್ಯುತ್ತಿನ ಖರ್ಚಿಲ್ಲ, ದೂರದಿಂದ ಬರುವ ಕಳ್ಳರ ಕೈಗೂ ಅದು ಎಟುಕದು. ಬೆಲೆಯ ವಿಷಯದಲ್ಲಿ ಮಾತ್ರ ಯಾರೂ ಖಂಡಿತವಾಗಿ ಹೇಳುವಂತಿಲ್ಲ: ೨೦೧೧ರಲ್ಲಿ ಥಾಯ್ಲೆಂಡಿನ ನದಿಗಳು ಉಕ್ಕಿ ಕಾರ್ಖಾನೆಗಳು ಮುಳುಗಲು, ಲೋಕದ ಎಲ್ಲ ಅಂಗಡಿಗಳಲ್ಲಿಯೂ ಹಾರ್ಡ್ ಡಿಸ್ಕಿನ ಬೆಲೆಯು ಏರಿಬಿಟ್ಟಿತು.

ಕರ್ನಾಟಕದಲ್ಲಿ ಇದರ ಭಾರವು ವರ್ತಕರಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ೨೦೦೦ದ ಆಸುಪಾಸಿನಲ್ಲಿ ‘ಭೂಮಿ’ ಎಂಬ ಯೋಜನೆಯಿಂದ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು; ಕೈಬರಹದ ಪಹಣಿಗೆ ಮಾನ್ಯತೆಯು ತಪ್ಪಿತು. ಶಾನುಭೋಗರ ಕೈಯಲ್ಲಿದ್ದುದು ತಟ್ಟೆಯೊಳಗೆ ಸೇರಿತು.

ಕನ್ನಡದ ಗೃಹಸ್ಥರಿಗೆ ಇನ್ನೊಂದು ತೊಡಕುಂಟು; ಅದು ಸಾಧನದ್ದಲ್ಲ, ಲಿಪಿಯದು. ೧೯೯೦ರ ದಶಕದಲ್ಲಿಯೂ ಅನಂತರ ಕೆಲವು ಕಾಲವೂ ಕನ್ನಡದ ಬರಹವನ್ನು ಗಣಕದಲ್ಲಿ ಮೂಡಿಸುತ್ತಿದ್ದ ಅಚ್ಚಿನ ಮೊಳೆಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಆ ಮೊಳೆಯಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ೧೯೯೧ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ ಮನೆಯ ಯಂತ್ರಗಳಲ್ಲಿ ಅದು ರೂಢವಾಗುವುದಕ್ಕೆ ಹತ್ತು ವರುಷಗಳಿಗೂ ಮಿಕ್ಕಿ ಹಿಡಿಯಿತು. ಆ ನಡುಗಾಲದಲ್ಲಿ ಬೆರಳಚ್ಚಾದ ಜಿಲ್ಲೆಯ ಇತಿಹಾಸಗಳು, ಸ್ಮರಣಸಂಚಿಕೆಗಳು, ವಂಶಾವಳಿಗಳು, ಅಜ್ಜಿ ಹೇಳಿ ಮೊಮ್ಮಗನು ಬರೆದಿಟ್ಟ ಹಾಡುಗಳು ಸಿ. ಡಿ. ಫ್ಲಾಪಿಗಳಲ್ಲಿ ಎಷ್ಟೋ ಮನೆಗಳಲ್ಲಿ ಉಳಿದಿವೆ. ತಟ್ಟೆಯನ್ನು ಓದುವ ಯಂತ್ರವೂ ಬೇಕು, ಓದಿ ಬಂದುದನ್ನು ಕನ್ನಡವಾಗಿಸುವ ತಂತ್ರಾಂಶವೂ ಬೇಕು. ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ. ಆದರೆ ಅರ್ಕಾವೊತ್ತೂ ಒತ್ತಕ್ಷರಗಳೂ ಸ್ಥಾನ ತಪ್ಪುವುದುಂಟಾದುದರಿಂದ, ಅಂದಿನ ಮುದ್ರಿತ ಹಾಳೆಯು ಮನೆಯಲ್ಲಿ ಉಳಿದಿದ್ದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಬೇಕಾಗುತ್ತದೆ.